ಸೇನೆಯಿಂದ ಬಂದವರು ಸಂತೆಗೂ ಬರುವುದಿಲ್ಲ ಎಂದರೆ

ಸೇನೆಯಿಂದ ನಿವೃತ್ತರಾದ ಯಜಮಾನರು ರಾತ್ರಿ ಬೆಚ್ಚಿಬಿದ್ದು ಏಳುತ್ತಾರೆ, ಸಂತೆಗೆ, ಮದುವೆಗೆ ಬರುವುದಿಲ್ಲ, ಮನಶ್ಶಾಸ್ತ್ರಜ್ಞರು ಮಾತಾಡಿಸಿದರೆ ಏನು ಪ್ರಯೋಜನ ಎಂದು ಕೇಳಿದ್ದೀರಿ.

ಅದು ಬರೀ ಮಾತಲ್ಲ, ಅಭ್ಯಾಸ ಮಾಡಿಸುವ ಚಿಕಿತ್ಸೆ. ಮಾತ್ರೆ ಬರೆಯುವವರು ಮನೋವೈದ್ಯರು, ಅವರು ಬೇರೆ. ತೊಂದರೆ ಒಂದು ತಿಂಗಳು ಮೀರಿದ್ದರೆ ಪಿಟಿಎಸ್‌ಡಿ, ಅಂದರೆ ಘೋರ ಘಟನೆಯ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವ ಕಾಯಿಲೆ, ಇದೆಯೇ ಎಂದು ನೋಡುತ್ತಾರೆ. ಅದರ ಲಕ್ಷಣಗಳನ್ನು ಅಳೆಯುವ 20 ಪ್ರಶ್ನೆಗಳ ಪಿಸಿಎಲ್-5 ಪಟ್ಟಿಯಲ್ಲಿ 80ಕ್ಕೆ 31–33 ದಾಟಿದರೆ ಇನ್ನಷ್ಟು ವಿಚಾರಿಸುತ್ತಾರೆ. ಅಂಕ ನೋಡಿಯೇ ಕಾಯಿಲೆ ಎಂದು ತೀರ್ಮಾನಿಸುವುದಿಲ್ಲ.

ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನ ಭಯಪಡುವುದನ್ನು ಹಂತಹಂತವಾಗಿ ಎದುರಿಸುವ, ನಡೆದದ್ದನ್ನು ಬಿಡಿಸಿ ಹೇಳಿಸುವ ಚಿಕಿತ್ಸೆ. ಅದಕ್ಕೆ ಸಾಮಾನ್ಯವಾಗಿ 8ರಿಂದ 15 ಭೇಟಿ ಬೇಕು, ಒಂದೊಂದೂ ಸುಮಾರು ಒಂದೂವರೆ ಗಂಟೆ. ಸಂತೆಯನ್ನೇ ತೆಗೆದುಕೊಳ್ಳಿ. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಡಿಸುತ್ತಾರೆ. ಬೆಳಿಗ್ಗೆ ಅಂಗಡಿ ಹಾಕುವ ಹೊತ್ತಿಗೆ ಅಂಚಿನಲ್ಲಿ ನಿಲ್ಲುವುದು 40. ಮಧ್ಯಾಹ್ನ ತರಕಾರಿ ಸಾಲಿನ ನಡುವೆ, ಬೆನ್ನಿಗೆ ಜನ ತಾಗುವಾಗ 90. ಶುರು 40ರಿಂದ. ಅಲ್ಲೇ 30–45 ನಿಮಿಷ, ಇಲ್ಲವೇ ಭಯ ಅರ್ಧಕ್ಕಿಳಿಯುವ ತನಕ ನಿಲ್ಲಬೇಕು. ಮತ್ತೆ ಮತ್ತೆ ಹೋಗಬೇಕು. ಕೆಡುವುದೂ ಇಲ್ಲೇ. ಭಯ ಏರಿದಾಗ ಓಡಿಬಂದರೆ ‘ಓಡಿದ್ದಕ್ಕೇ ಉಳಿದೆ’ ಎಂದು ಮನಸ್ಸು ಕಲಿತುಬಿಡುತ್ತದೆ. ಒಂದು ಪೆಗ್ ಹಾಕಿ ಹೋದರೂ ಅಷ್ಟೇ. ‘ಬಿಡಿ, ನಾನೇ ತರುತ್ತೇನೆ’ ಎನ್ನುವ ನಿಮ್ಮ ಅಕ್ಕರೆಯೂ ಆ ಭಯವನ್ನೇ ಸಾಕುತ್ತದೆ. ತಪ್ಪು ನಿಮ್ಮದಲ್ಲ, ಆದರೆ ಇದಕ್ಕೇ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವುದು.

ನಡೆದದ್ದನ್ನು ಬಿಡಿಸಿ ಹೇಳತೊಡಗಿದ ಮೊದಲ ವಾರಗಳಲ್ಲಿ ಕೆಲವರಿಗೆ ಕೆಟ್ಟ ಕನಸು ಹೆಚ್ಚುತ್ತದೆ. ದಯವಿಟ್ಟು ಆಗ ಚಿಕಿತ್ಸೆ ಬಿಡಿಸಬೇಡಿ, ಮನಶ್ಶಾಸ್ತ್ರಜ್ಞರಿಗೆ ತಿಳಿಸಿ. ರಾತ್ರಿ ಮೈ ಅಲುಗಾಡಿಸಿ ಎಬ್ಬಿಸಬೇಡಿ, ಅರೆನಿದ್ದೆಯಲ್ಲಿ ಕೈ ಬೀಸಿಯಾರು. ಕಾಲ ಕಡೆ, ದೂರ ನಿಂತು ದೀಪ ಹಾಕಿ, ಕರೆದು, ‘ಮನೆಯಲ್ಲಿದ್ದೀರಿ’ ಎನ್ನಿ.

ದಿನಾ ಕುಡಿಯುವವರಾದರೆ ಒಮ್ಮೆಲೇ ಬಿಡಿಸುವುದು ಅಪಾಯ. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೊದಲು ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಲೈಸೆನ್ಸ್ ಕೋವಿ ಮನೆಯಲ್ಲಿ ಇರಕೂಡದು.

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಖಾಸಗಿ ಮನಶ್ಶಾಸ್ತ್ರಜ್ಞರಾದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಎಂದು ಕೇಳಿ. ‘ಹುಚ್ಚು ಅಂತ ಬರೆದುಬಿಡುತ್ತಾರೆ’ ಎಂದು ಅವರು ಹಿಂಜರಿದರೆ ಅದು ಸೇವೆಯಲ್ಲಿದ್ದಾಗಿನ ಮೆಡಿಕಲ್ ಕ್ಯಾಟಗರಿಯ ಭಯ. ಸೈನಿಕರ ಆರೋಗ್ಯಕ್ಕೆ ದರ್ಜೆ ಕೊಡುವ ‘ಶೇಪ್’ (SHAPE) ಪದ್ಧತಿಯಲ್ಲಿ ಮೊದಲ ಅಕ್ಷರವೇ ಮನಸ್ಸಿನದು. ಆ ದರ್ಜೆ ಇಳಿದರೆ ಪೋಸ್ಟಿಂಗ್, ಬಡ್ತಿಗೆ ಕುತ್ತು ಎಂದು ವರ್ಷಗಟ್ಟಲೆ ಮುಚ್ಚಿಟ್ಟಿರುತ್ತಾರೆ. ನಿವೃತ್ತರಿಗೆ ಪೋಸ್ಟಿಂಗ್, ಬಡ್ತಿಯ ಆ ಕುತ್ತೇ ಇಲ್ಲ ಎಂದು ಹೇಳಿ. ಒಪ್ಪದಿದ್ದರೂ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.