ಫೀನಿಕ್ಸ್ ಬೇರೆ, ಬೆಂಕಿ ಹಕ್ಕಿ ಬೇರೆ

ಪ್ರಶ್ನೆ: ಸುಟ್ಟು ಬೂದಿಯಾಗಿ ಮತ್ತೆ ಹುಟ್ಟೋ ಫೀನಿಕ್ಸ್, ರಷ್ಯಾದ ಕಥೆಗಳ ಬೆಂಕಿ ಹಕ್ಕಿ ಎರಡೂ ಒಂದೇನಾ? ನಾನೊಂದು ಫ್ಯಾಂಟಸಿ ಕಥೆ ಬರೀತಿದೀನಿ, ಅದಕ್ಕೆ ಕೇಳ್ದೆ.

ಉತ್ತರ: ಒಂದೇ ಅಲ್ಲ. ಫೀನಿಕ್ಸ್ ಬಗ್ಗೆ ಕ್ರಿ.ಪೂ. 5ನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದಾನೆ, ಆದ್ರೆ ಅವನ ಬರಹದಲ್ಲಿ ಬೆಂಕಿನೇ ಇಲ್ಲ ನೋಡಿ! ಕೆಂಪು-ಚಿನ್ನದ ಗರಿ, ಹದ್ದಿನಷ್ಟು ಗಾತ್ರ, 500 ವರ್ಷಕ್ಕೊಮ್ಮೆ ಸತ್ತ ಅಪ್ಪನ ದೇಹಾನ ಸುಗಂಧದ ಅಂಟಿನ ಉಂಡೆಯೊಳಗಿಟ್ಟು ಅರೇಬಿಯಾದಿಂದ ಈಜಿಪ್ಟಿನ ಸೂರ್ಯ ದೇವಾಲಯಕ್ಕೆ ಹೊತ್ತು ತರುತ್ತಂತೆ, ನನಗಂತೂ ಇದು ಬೂದಿ ಕಥೆಗಿಂತ ಜಾಸ್ತಿ ಮನಸ್ಸಿಗೆ ತಟ್ಟುತ್ತೆ. ರೋಮನ್ ಲೇಖಕ ಪ್ಲಿನಿ ಹೇಳೋ ಪ್ರಕಾರ ಸತ್ತ ಹಕ್ಕಿಯ ಮೂಳೆಯಿಂದ ಮೊದಲು ಒಂದು ಹುಳ ಹುಟ್ಟಿ ಅದೇ ಮರಿಯಾಗುತ್ತೆ. ಉರಿಯೋ ಗೂಡು ಫೇಮಸ್ ಆಗಿದ್ದು ಆಮೇಲೆ.

ರಷ್ಯಾದ ಬೆಂಕಿ ಹಕ್ಕಿ, ಅಂದ್ರೆ ಝಾರ್-ಪ್ಟಿತ್ಸಾ, ಸುಟ್ಟು ಬೂದಿಯಾಗಲ್ಲ. ರಾತ್ರಿ ಬಂದು ರಾಜನ ತೋಟದ ಚಿನ್ನದ ಸೇಬು ಕದಿಯುತ್ತೆ, ರಾಜಕುಮಾರ ಇವಾನ್ ಕೈಗೆ ಸಿಕ್ಕಿದ ಒಂದೇ ಗರಿ ಇಡೀ ಕೋಣೆ ಬೆಳಗುತ್ತೆ, ಆ ಗರಿಯಿಂದಾನೇ ಕಷ್ಟಗಳೆಲ್ಲಾ ಶುರು. ಕಥೆಗೆ ಹುಡುಕಾಟ, ಆಸೆ ಬೇಕಿದ್ರೆ ಇದನ್ನೇ ತಗೊಳ್ಳಿ.