ವೈದ್ಯರಿಗೆ ಪತ್ರ: ಬಿಸಿನೀರಿನ ಸ್ನಾನ ಮತ್ತು ಮೂರ್ಛೆ, ಹಳೆಯ ಮಾತ್ರೆಗಳು, ಶಸ್ತ್ರಚಿಕಿತ್ಸೆಯ ಭಯ

ಮೂರ್ಛೆರೋಗದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹಲವು ಮನೆಗಳ ಆತಂಕವನ್ನು ಒಟ್ಟಿಗೆ ಹೇಳುವಂಥ ಐದನ್ನು ಆರಿಸಿಕೊಂಡು, ನರರೋಗ ವೈದ್ಯನಾಗಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದೆ.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಭಾನುವಾರ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರನ್ನು ತಲೆಗೆ ಹುಯ್ಯುವಾಗ, ಏಳೆಂಟು ಚೊಂಬು ಬೀಳುವಷ್ಟರಲ್ಲಿ ಅವನ ಮಾತು ನಿಂತುಹೋಗುತ್ತದೆ, ಕಣ್ಣು ಒಂದೇ ಕಡೆ ನೆಟ್ಟುಕೊಳ್ಳುತ್ತದೆ, ಬಾಯಿ ಏನನ್ನೋ ಜಗಿಯುವಂತೆ ಆಡುತ್ತದೆ. ಒಮ್ಮೆ ಬಚ್ಚಲಲ್ಲೇ ಬಿದ್ದು ಕೈಕಾಲು ಸೆಳೆದವು. ಮೈಗೆ ಮಾತ್ರ ನೀರು ಹಾಕಿಕೊಂಡ ದಿನ ಏನೂ ಆಗುವುದಿಲ್ಲ. ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ನಾರ್ಮಲ್ ಬಂದಿದೆ. ಹಿರಿಯರು ಗಾಳಿ ಸೋಂಕು ಎನ್ನುತ್ತಾರೆ. ಇದು ಫಿಟ್ಸ್ ಹೌದೋ ಅಲ್ಲವೋ? (ಹಾಸನ ಜಿಲ್ಲೆಯ ಓದುಗರು)

ಉತ್ತರ: ಮಗುವನ್ನು ಎದುರಿಗೆ ಕೂರಿಸಿಕೊಂಡು ನೋಡದೆ ಕೊನೆಯ ಮಾತು ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವ ಈ ನಾಲ್ಕು ಸಾಲುಗಳೇ ರೋಗನಿದಾನದ ಬಹುಪಾಲು ಕೆಲಸವನ್ನು ಮುಗಿಸಿಕೊಟ್ಟಿವೆ. ಇದು ಬಿಸಿನೀರಿನ ಅಪಸ್ಮಾರದಂತೆ ಕಾಣುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥದ್ದೊಂದು ವರದಿ ಬಂದಿತ್ತು. ಮುಂದೆ ಟರ್ಕಿ, ಜಪಾನ್ ದೇಶಗಳಲ್ಲೂ ಕಂಡುಬಂತು. ಆದರೆ ಇದನ್ನು ಅತಿ ಹೆಚ್ಚು ರೋಗಿಗಳಲ್ಲಿ ನೋಡಿ, ಬರೆದಿಟ್ಟು, ಅಳೆದು ತಿಳಿದದ್ದು ನಮ್ಮ ದಕ್ಷಿಣ ಕರ್ನಾಟಕದಲ್ಲೇ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದಲ್ಲೇ ಈ ಬಗ್ಗೆ ಬರೆದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು.

ಆ ವಿವರಗಳನ್ನು ಓದುವಾಗ ನಮ್ಮ ಬಚ್ಚಲುಮನೆಯೇ ಕಣ್ಣಮುಂದೆ ಬರುತ್ತದೆ. 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರನ್ನು ಒಂದರ ಹಿಂದೊಂದು ಚೊಂಬಿನಂತೆ ನೆತ್ತಿಗೆ ಹುಯ್ಯುವಾಗಲೇ ಸೆಳವು ಬರುತ್ತದೆ. ನೀರಿನ ಬಿಸಿ, ಅದು ಬೀಳುವ ರಭಸ, ನೆತ್ತಿಯ ಚರ್ಮಕ್ಕೆ ಅದರ ಸ್ಪರ್ಶ ಇವೆಲ್ಲ ಕೂಡಿದಾಗ ಮಾತ್ರ, ಅಂಥ ಪ್ರವೃತ್ತಿ ಇರುವ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಹದ್ದು ಮೀರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಕೆಲವು ಮಕ್ಕಳು ಸಾಕೆಂದರೂ ನಿಲ್ಲಿಸದೆ ತಾವೇ ಮತ್ತೆ ಮತ್ತೆ ನೀರು ಹುಯ್ದುಕೊಳ್ಳುತ್ತಾರೆ. ಇದು ಹಟವಲ್ಲ, ಸೆಳವಿನದೇ ಒಂದು ಭಾಗ. ನಿಮ್ಮ ಮಗ ಹಾಗೆ ಮಾಡುತ್ತಾನೆಯೇ ಎಂದು ಗಮನಿಸಿ, ಮಾಡಿದರೆ ದಯವಿಟ್ಟು ಗದರಿಸಬೇಡಿ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಇರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್‌ನ ಸಂಶೋಧಕರು ಅಂಥ ಕುಟುಂಬಗಳ ರಕ್ತದ ಮಾದರಿಗಳನ್ನು ಪರೀಕ್ಷಿಸಿ, 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಭಾಗಗಳನ್ನು ಗುರುತಿಸಿದ್ದಾರೆ. ಗಾಳಿ ಸೋಂಕು ಎನ್ನುವ ಹಿರಿಯರಿಗೆ ಇದನ್ನು ತಾಳ್ಮೆಯಿಂದ ತಿಳಿಸಿ ಹೇಳಿ. ಅವರ ಭಯವೂ ಮಗುವಿನ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ್ದು.

ಇನ್ನು ಇಇಜಿ ವಿಷಯ. ಸಾಮಾನ್ಯ ಇಇಜಿ ಮಿದುಳಿನ ಅರ್ಧ ಗಂಟೆಯ ಹೊತ್ತನ್ನು ಮಾತ್ರ ದಾಖಲಿಸುತ್ತದೆ. ಖಚಿತವಾಗಿ ಮೂರ್ಛೆರೋಗ ಇರುವವರಲ್ಲೂ ಸುಮಾರು ಅರ್ಧದಷ್ಟು ಮಂದಿಯ ಮೊದಲ ಇಇಜಿಯಲ್ಲಿ ಏನೂ ಕಾಣಿಸುವುದಿಲ್ಲ. ನಿದ್ದೆಗೆಡಿಸಿ ಮಾಡಿದಾಗ ಅಥವಾ ಮತ್ತೊಮ್ಮೆ ಮಾಡಿದಾಗ ಕಾಣಿಸಬಹುದು. ಆದ್ದರಿಂದ ಇಇಜಿ ನಾರ್ಮಲ್ ಬಂದರೆ ರೋಗವಿಲ್ಲ ಎಂದಲ್ಲ, ಹಾಗೆಯೇ ಒಂದಿಷ್ಟು ಏರುಪೇರು ಕಂಡಿತೆಂದು ಒಮ್ಮೆಯೂ ಸೆಳವು ಬಾರದ ಮಗುವಿಗೆ ಮಾತ್ರೆ ಕೊಡುವುದೂ ತಪ್ಪು. ನಾನು ರೋಗಿಯ ಜೊತೆ ಬಂದವರಿಗೆ ಮೊದಲು ಕೇಳುವುದು ಸೆಳವನ್ನು ಕಣ್ಣಾರೆ ನೋಡಿದವರು ಯಾರು ಎಂದು. ನೋಡಿದವರು ಊರಿನಲ್ಲೇ ಉಳಿದಿದ್ದರೆ ಫೋನ್ ಮಾಡಿಸಿ ಕೇಳುತ್ತೇನೆ. ಈಗ ಮನೆಯಲ್ಲೇ ಮೊಬೈಲ್ ಇರುವುದರಿಂದ, ಒಬ್ಬರು ಮಗುವನ್ನು ಹಿಡಿದುಕೊಂಡಿರುವಾಗ ಇನ್ನೊಬ್ಬರು ಒಂದು ನಿಮಿಷದ ವಿಡಿಯೊ ತೆಗೆದರೆ, ವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದಕ್ಕೆಂದು ಬೇಕೆಂತಲೇ ಬಿಸಿನೀರು ಹುಯ್ದು ಸೆಳವು ಬರಿಸಬೇಡಿ.

ಚಿಕಿತ್ಸೆ ಹೆಚ್ಚಿನವರಲ್ಲಿ ಸುಲಭ. ತಲೆಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು, ಅದನ್ನೂ ನಿಧಾನವಾಗಿ ಹಾಕಿ, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿಕೊಳ್ಳಲು ಬಿಡಬೇಡಿ. ಇಷ್ಟರಿಂದಲೂ ನಿಲ್ಲದಿದ್ದರೆ, ತಲೆಸ್ನಾನಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆಯನ್ನು ಆ ದಿನಕ್ಕೆ ಮಾತ್ರ ಕೊಡುವ ಕ್ರಮವನ್ನು ನಮ್ಮವರೇ ರೂಢಿಗೆ ತಂದಿದ್ದಾರೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರು ನಿರ್ಧರಿಸಬೇಕು. ಒಂದಷ್ಟು ಮಂದಿಗೆ ಮುಂದೆ ಸ್ನಾನದ ಹಂಗಿಲ್ಲದೆಯೂ ಸೆಳವು ಬರತೊಡಗುತ್ತದೆ. ಹಾಗಾದಲ್ಲಿ ದಿನನಿತ್ಯದ ಮಾತ್ರೆ ಬೇಕಾಗುತ್ತದೆ.

ಪ್ರಶ್ನೆ: ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುವುದನ್ನು ನಾನೇ ನೋಡಿದ್ದೇನೆ. ಇದರಲ್ಲಿ ಸತ್ಯವಿಲ್ಲವೇ? (ಕೊಪ್ಪಳ)

ಉತ್ತರ: ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಬೀಗದಕೈ ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ, ಅಷ್ಟೆ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಬಾಯಿಗೆ ಚಮಚ, ಬಟ್ಟೆ, ನೀರು ಯಾವುದನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು. ಮೇಲಿಂದ ಮೇಲೆ ಹಾಗಾಗುವವರ ಮನೆಯಲ್ಲಿ, ವೈದ್ಯರ ಸಲಹೆಯಂತೆ, ಸೆಳವು ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಎಂಬ ಔಷಧ ಇಟ್ಟುಕೊಳ್ಳಬಹುದು.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಫಿನೋಬಾರ್ಬಿಟೋನ್ ಎಂಬ ಹಳೆಯ, ಅಗ್ಗದ ಮಾತ್ರೆ ಕೊಡುತ್ತಾರೆ. ಹೊಸ ದುಬಾರಿ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆಯೇ? ಎರಡು ವರ್ಷದಿಂದ ಫಿಟ್ಸ್ ಬಂದಿಲ್ಲ, ನಿಲ್ಲಿಸಬಹುದೇ? (ಚಾಮರಾಜನಗರ ಜಿಲ್ಲೆ)

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕಿದವರು ನಿಮ್ಮ ನೆರೆಯಲ್ಲೇ ಓಡಾಡಿದ್ದರು. 1990ರ ದಶಕದಲ್ಲಿ ಡಾ. ಮಣಿಯವರ ತಂಡ ಯಳಂದೂರು ಭಾಗದ ಸುಮಾರು 65 ಸಾವಿರ ಜನಸಂಖ್ಯೆಯಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ಸಾವಿರಕ್ಕೆ ಸುಮಾರು 4 ಮಂದಿಗೆ ಮೂರ್ಛೆರೋಗ ಇರುವುದನ್ನು ಗುರುತಿಸಿತು. ಬಳಿಕ ಫಿನೋಬಾರ್ಬಿಟೋನ್ ಇಲ್ಲವೇ ಫೆನಿಟೊಯಿನ್ ಎಂಬ ಅಗ್ಗದ ಮಾತ್ರೆಗಳನ್ನೇ ಕೊಟ್ಟು, ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿತು. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ, ತಜ್ಞರಿಲ್ಲದ ಹಳ್ಳಿಗಾಡಿನಲ್ಲೂ ಈ ಮಾತ್ರೆಗಳಿಂದ ರೋಗವನ್ನು ಹತೋಟಿಯಲ್ಲಿಡಲು ಸಾಧ್ಯ. ಸೆಳವುಗಳ ಸಂಖ್ಯೆ ಬೆಳೆಯುವ ಮೊದಲೇ ಚಿಕಿತ್ಸೆ ಆರಂಭಿಸಿದವರಿಗೆ ಫಲ ಹೆಚ್ಚು. ಯಳಂದೂರಿನ ಈ ಕೆಲಸವನ್ನು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಓದಬೇಕು ಎಂದು ನನ್ನ ಆಸೆ.

ಹೊಸ ಮಾತ್ರೆಗಳ ಹೆಚ್ಚುಗಾರಿಕೆ ಇರುವುದು ಸೆಳವನ್ನು ತಡೆಯುವ ಶಕ್ತಿಗಿಂತಲೂ ಅಡ್ಡಪರಿಣಾಮ ಕಡಿಮೆ ಇರುವುದರಲ್ಲಿ. ಫಿನೋಬಾರ್ಬಿಟೋನ್ ಕೆಲವರಲ್ಲಿ ಮಂಕು, ಮಕ್ಕಳಲ್ಲಿ ಚಡಪಡಿಕೆ ತರುತ್ತದೆ. ಹಾಗಾದರೆ ಬದಲಿಸಲು ಕೇಳುವ ಹಕ್ಕು ನಿಮಗಿದೆ. ಬೆಲೆಗಿಂತ ಮುಖ್ಯವಾದದ್ದು ರೋಗದ ಬಗೆ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಹೋಲಿಕೆ ಅಧ್ಯಯನದಲ್ಲಿ, ಮಿದುಳಿನ ಒಂದು ಭಾಗದಿಂದ ಹೊರಡುವ ಸೆಳವುಗಳಿಗೆ ಲ್ಯಾಮೋಟ್ರಿಜಿನ್, ಎರಡೂ ಬದಿಯಿಂದ ಒಮ್ಮೆಗೇ ಏಳುವ ಸೆಳವುಗಳಿಗೆ ಹಳೆಯ ವ್ಯಾಲ್ಪ್ರೊಯೇಟ್ ಮೇಲುಗೈ ಪಡೆದವು. ಬಗೆ ತಿಳಿಯದೆ ಕಾರ್ಬಮಜೆಪಿನ್ ಎಂಬ ಮಾತ್ರೆ ಕೊಟ್ಟರೆ, ಬೆಳಗಿನ ಹೊತ್ತು ಕೈ ಜಗ್ಗಿ ಕಾಫಿ ಲೋಟ ಚೆಲ್ಲುವ ಹರೆಯದವರ ರೋಗ ಉಲ್ಬಣಿಸುವುದೂ ಉಂಟು.

ನಿಲ್ಲಿಸುವ ವಿಚಾರಕ್ಕೆ 1991ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೇ ಇಂದಿಗೂ ಆಧಾರ. ಎರಡು ವರ್ಷ ಸೆಳವಿಲ್ಲದಿದ್ದ 1013 ಮಂದಿಯಲ್ಲಿ, ಮಾತ್ರೆ ಮುಂದುವರಿಸಿದವರ ಪೈಕಿ ನೂರಕ್ಕೆ 78 ಜನ ಮುಂದಿನ ಎರಡು ವರ್ಷವೂ ಸೆಳವಿಲ್ಲದೆ ಕಳೆದರು. ನಿಧಾನವಾಗಿ ನಿಲ್ಲಿಸಿದವರಲ್ಲಿ 59 ಜನ. ಅಂದರೆ ನಿಲ್ಲಿಸಿದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಬರಲಿಲ್ಲ, ಆದರೆ ಅಪಾಯ ಖಂಡಿತ ಏರಿತು. ನೀವು ಬೈಕ್ ಓಡಿಸುವವರೋ, ಬಾವಿ ಕೆರೆಯ ಬಳಿ ಕೆಲಸ ಮಾಡುವವರೋ ಎಂಬುದೆಲ್ಲ ಈ ತೀರ್ಮಾನದಲ್ಲಿ ಸೇರಬೇಕು. ವೈದ್ಯರನ್ನು ಕೇಳದೆ ಒಮ್ಮೆಲೇ ಮಾತ್ರೆ ನಿಲ್ಲಿಸಬೇಡಿ. ಫಿನೋಬಾರ್ಬಿಟೋನನ್ನು ತಟ್ಟನೆ ಬಿಟ್ಟರೆ ನಿಲ್ಲದ ಸೆಳವು ಬಂದು ಜೀವಕ್ಕೆ ಅಪಾಯವಾದೀತು.

ಪ್ರಶ್ನೆ: ತಮ್ಮನಿಗೆ 24 ವರ್ಷ. ಮೂರು ಬಗೆಯ ಮಾತ್ರೆ ತಿಂದರೂ ವಾರಕ್ಕೊಮ್ಮೆ ಫಿಟ್ಸ್. ಎಂಆರ್‌ಐಯಲ್ಲಿ ಎಡಗಡೆ ಹಿಪ್ಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಕುಗ್ಗಿದೆ, ಆಪರೇಷನ್ ಮಾಡಬಹುದು ಎಂದಿದ್ದಾರೆ. ತಲೆಗೆ ಕೈ ಹಾಕಿಸುವುದಕ್ಕಿಂತ ನಾಲ್ಕನೆಯ ಮಾತ್ರೆ ನೋಡುವುದು ಮೇಲಲ್ಲವೇ? (ಶಿವಮೊಗ್ಗ)

ಉತ್ತರ: ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ; ಆದರೂ ಅಲ್ಲ ಎಂದೇ ಹೇಳುತ್ತೇನೆ. 2000ದಲ್ಲಿ ಗ್ಲಾಸ್ಗೋದಿಂದ ಬಂದ ವರದಿಯಲ್ಲಿ, ಮೊದಲ ಬಾರಿ ಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ 47 ಮಂದಿಗೆ ಮೊದಲ ಮಾತ್ರೆಯಲ್ಲೇ ಸೆಳವು ನಿಂತಿತು, ಎರಡನೆಯದರಿಂದ ಇನ್ನು 13 ಮಂದಿಗೆ. ಅದರಾಚೆಗೆ ಗುಣ ಕಂಡವರು ತೀರ ಕಡಿಮೆ. ಆದ್ದರಿಂದಲೇ, ಸರಿಯಾಗಿ ಆರಿಸಿ ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಮಾತ್ರೆಗಳು ಸೋತರೆ ಅದನ್ನು ಔಷಧಕ್ಕೆ ಮಣಿಯದ ಮೂರ್ಛೆರೋಗ ಎಂದು ಕರೆದು, ಶಸ್ತ್ರಚಿಕಿತ್ಸೆಗೆ ತಕ್ಕವರೇ ಎಂದು ಪರೀಕ್ಷಿಸಬೇಕು.

ಶಸ್ತ್ರಚಿಕಿತ್ಸೆಯನ್ನೂ ಮಾತ್ರೆಯನ್ನೂ ಎದುರುಬದುರಾಗಿ ಇಟ್ಟು ನೋಡಿದ್ದಾರೆ. ಕೆನಡಾದಲ್ಲಿ, ನಿಮ್ಮ ತಮ್ಮನಂತೆ ಮಿದುಳಿನ ಟೆಂಪೊರಲ್ ಭಾಗದ (ಕಿವಿಯ ಬಳಿಯ ಭಾಗ) ರೋಗವಿದ್ದ 80 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 2001ರ ಆ ವರದಿಯಂತೆ, ಒಂದು ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಸೆಳವಿನಿಂದ ಬಿಡುಗಡೆಯಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 58, ಮಾತ್ರೆಯ ಗುಂಪಿನಲ್ಲಿ 8. ಮಕ್ಕಳ ವಿಷಯದಲ್ಲಿ ಇಂಥ ಪರೀಕ್ಷೆ ನಡೆದದ್ದು ದೆಹಲಿಯ ಏಮ್ಸ್‌ನಲ್ಲಿ: 116 ಮಕ್ಕಳು, ಫಲಿತಾಂಶ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 77, ಮಾತ್ರೆಯ ಗುಂಪಿನಲ್ಲಿ 7 (2017). ತೊಡಕುಗಳೂ ಇದ್ದವು, ಮುಚ್ಚಿಡುವುದಿಲ್ಲ. ಎಡಗಡೆಯ ಶಸ್ತ್ರಚಿಕಿತ್ಸೆಯಿಂದ ಪದಗಳ ನೆನಪು ಕುಂದುವುದುಂಟು. ಅದಕ್ಕಾಗಿಯೇ ಮೊದಲು ವಿಡಿಯೊ ಇಇಜಿಯಲ್ಲಿ ಸೆಳವು ಹೊರಡುವ ಜಾಗವನ್ನು ಖಚಿತಪಡಿಸಿಕೊಂಡು, ಮಾತು ಮತ್ತು ನೆನಪಿನ ಪರೀಕ್ಷೆ ನಡೆಸುತ್ತಾರೆ. ಆ ಪರೀಕ್ಷೆಗಳ ವರದಿ ಬಂದ ಮೇಲೆ ಬೇಡ ಎನ್ನುವ ಸ್ವಾತಂತ್ರ್ಯ ನಿಮಗೆ ಇದ್ದೇ ಇದೆ. ಪರೀಕ್ಷೆಗೇ ಹೋಗದೆ ಬೇಡ ಎನ್ನಬೇಡಿ.

ಪ್ರಶ್ನೆ: ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದೇನೆ. ಮಗು ಬೇಕೆಂದಿದ್ದೇವೆ. ಗರ್ಭ ನಿಂತ ಕೂಡಲೇ ಮಾತ್ರೆ ಬಿಡು ಎಂದು ಅತ್ತೆ ಹೇಳುತ್ತಾರೆ. (ದಾವಣಗೆರೆ)

ಉತ್ತರ: ಬಿಡುವುದಲ್ಲ, ಬದಲಿಸುವುದು, ಅದೂ ಗರ್ಭ ನಿಲ್ಲುವ ಮೊದಲೇ. ಗರ್ಭ ನಿಂತದ್ದು ಗೊತ್ತಾಗುವ ಹೊತ್ತಿಗೆ ಶಿಶುವಿನ ಬೆನ್ನುಹುರಿ ರೂಪುಗೊಳ್ಳುವ ದಿನಗಳು ಬಹುತೇಕ ಮುಗಿದಿರುತ್ತವೆ. ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿಯರ ಬಗ್ಗೆ ಹಲವು ದೇಶಗಳು ಸೇರಿ ನಡೆಸುವ ಯೂರಾಪ್ ಎಂಬ ದಾಖಲಾತಿಯ 2018ರ ವರದಿಯಲ್ಲಿ, ವ್ಯಾಲ್ಪ್ರೊಯೇಟ್ ತೆಗೆದುಕೊಂಡ ತಾಯಂದಿರ ಶಿಶುಗಳಲ್ಲಿ ನೂರಕ್ಕೆ 10ರಷ್ಟು ಅಂಗದೋಷ ಕಂಡಿತು. ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಮ್ ತೆಗೆದುಕೊಂಡವರಲ್ಲಿ 3ರಷ್ಟು. ಮಕ್ಕಳ ಬುದ್ಧಿಮತ್ತೆಗೂ ವ್ಯಾಲ್ಪ್ರೊಯೇಟ್ ಪೆಟ್ಟು ಕೊಡುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಇಂಥ ತಾಯಂದಿರ ದಾಖಲಾತಿ ನಡೆದಿದೆ. ಮೂರ್ಛೆರೋಗವಿರುವ ಹೆಚ್ಚಿನ ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ.

ಮಾತ್ರೆ ಬದಲಿಸಿ ಹೊಸದು ಹಿಡಿತಕ್ಕೆ ಬರಲು ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಿ, ಫೋಲಿಕ್ ಆಮ್ಲವನ್ನು ಈಗಲೇ ಆರಂಭಿಸಿ. ಗರ್ಭಿಣಿಯಾದ ಮೇಲೆ ರಕ್ತದಲ್ಲಿ ಲ್ಯಾಮೋಟ್ರಿಜಿನ್ ಮಟ್ಟ ಇಳಿಯುವುದರಿಂದ ಪ್ರಮಾಣ ಏರಿಸಬೇಕಾಗಬಹುದು. ಹೆಚ್ಚಿನ ಮಾತ್ರೆಗಳ ಜೊತೆ ಎದೆಹಾಲು ಕೊಡಬಹುದು. ಈಗಾಗಲೇ ತಿಂಗಳು ತಪ್ಪಿದ್ದರೆ ಗಾಬರಿಯಿಂದ ಮಾತ್ರೆ ಬಿಡದೆ ಆ ವಾರವೇ ವೈದ್ಯರನ್ನು ಕಾಣಿ. ದೊಡ್ಡ ಸೆಳವು ತಾಯಿಗೂ ಶಿಶುವಿಗೂ ಅಪಾಯಕಾರಿ. ಮುಂದಿನ ಭೇಟಿಗೆ ಪತಿಯ ಜೊತೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಈ ಮಾತುಗಳನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ.