ಹಳೇ ಸ್ಟೋರಿನ ವಿಷದ ಡಬ್ಬ, ಖಾಲಿ ಕ್ಯಾನ್, ಸತ್ತ ಬ್ಯಾಟರಿ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿಯುವ ಮೊದಲು ಸ್ಟೋರ್ ಕ್ಲೀನ್ ಮಾಡುವ ಹೊತ್ತು ಇದು. ಹಾಗಾಗಿ ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು: ಬಳಸೋಕೂ ಆಗದ, ಎಸೆಯೋಕೂ ಭಯವಾಗುವ ವಸ್ತುಗಳನ್ನು ಏನು ಮಾಡೋದು?

ಪ್ರಶ್ನೆ (ನಾಪೋಕ್ಲು ಕಡೆಯಿಂದ): ಐನ್‌ಮನೆ (ಕುಟುಂಬದ ಮೂಲಮನೆ) ಪಕ್ಕದ ಹಳೇ ಸ್ಟೋರ್ ಬಿಚ್ಚಿ ರಿಪೇರಿ ಮಾಡಿಸುತ್ತಿದ್ದೇವೆ. ಅಟ್ಟದಲ್ಲಿ ತುಕ್ಕು ಹಿಡಿದ ನಾಲ್ಕೈದು ಟಿನ್, ಲೇಬಲ್ ಇಲ್ಲದ ಬಾಟಲಿಗಳು, ಬಿಳಿ ಪುಡಿ ಇರುವ ಒಂದು ಹರಿದ ಚೀಲ ಸಿಕ್ಕಿದೆ. ಅಜ್ಜನ ಕಾಲದ್ದಿರಬೇಕು. ತೋಟದ ಕೆಳಗಡೆ ಗುಂಡಿ ತೋಡಿ ಹೂತುಬಿಡೋಣ ಅಂತ ದೊಡ್ಡಪ್ಪ ಹೇಳುತ್ತಾರೆ. ಹಾಗೆ ಮಾಡಬಹುದಾ?

ಉತ್ತರ: ಬೇಡ. ದೊಡ್ಡಪ್ಪನಿಗೆ ಗೌರವದಿಂದಲೇ, ಆದರೆ ಗಟ್ಟಿಯಾಗಿ ಬೇಡ ಅನ್ನಿ. ತೋಟದ ಕೆಳಗಡೆ ಅಂದರೆ ಗದ್ದೆ ಇರುತ್ತದೆ, ಗದ್ದೆ ಪಕ್ಕ ತೋಡು (ಸಣ್ಣ ಹಳ್ಳ) ಇರುತ್ತದೆ, ಆ ತೋಡು ಹೋಗಿ ಕಾವೇರಿಗೆ ಸೇರುತ್ತದೆ, ಅದೇ ನೀರನ್ನು ಮುಂದೆ ಮೈಸೂರಿನವರೂ ಬೆಂಗಳೂರಿನವರೂ ಕುಡಿಯುತ್ತಾರೆ. ಅಷ್ಟು ದೂರ ಯಾಕೆ, ನಿಮ್ಮದೇ ಬಾವಿ ಎಲ್ಲಿದೆ ಅಂತ ನೋಡಿ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಇಳಿಜಾರಿನಲ್ಲಿ ಗುಂಡಿ ತೋಡಿದರೆ ಅರ್ಧ ಗಂಟೆಯಲ್ಲಿ ನೀರು ನಿಲ್ಲುತ್ತದೆ. ಹೂತಿದ್ದು ಹೂತಲ್ಲೇ ಇರುತ್ತದೆ ಅನ್ನುವ ಲೆಕ್ಕ ಬಯಲುಸೀಮೆಯಲ್ಲೇ ಕಷ್ಟ, ಇಲ್ಲಿ ಅಂತೂ ನಡೆಯೋದೇ ಇಲ್ಲ.

ಆ ಬಿಳಿ ಪುಡಿ ಬಿಎಚ್‌ಸಿ (ಬೆಂಜೀನ್ ಹೆಕ್ಸಾಕ್ಲೋರೈಡ್ ಅನ್ನುವ ಹಳೇ ಕೀಟನಾಶಕ) ಇರಬಹುದು. ಒಂದು ಕಾಲದಲ್ಲಿ ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಅದನ್ನು ಧಾರಾಳವಾಗಿ ಬಳಸುತ್ತಿದ್ದರು. 1997ರಲ್ಲಿ ದೇಶದಲ್ಲೇ ನಿಷೇಧ ಆಯಿತು. ಮಣ್ಣಿಗೆ ಬಿದ್ದರೆ ಬೇಗ ಕರಗಿ ಹೋಗುವ ವಸ್ತು ಅಲ್ಲ, ವರ್ಷಗಟ್ಟಲೆ ಉಳಿದು ಮೀನಿನಲ್ಲಿ, ಹಾಲಿನಲ್ಲಿ, ನಮ್ಮ ಮೈ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಹಳೇ ಟಿನ್‌ಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕ ಕೂಡ ಇರಬಹುದು. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು, ಅದರ ಸಿಂಪಡಣೆಯಿಂದ ಪಕ್ಕದ ಕಾಸರಗೋಡಿನ ಜನ ನರಳಿದ ಕಥೆ ನಿಮಗೆ ಗೊತ್ತೇ ಇದೆ. ಕಾಳಿನ ರೂಪದ ಫೋರೇಟ್ ಕೀಟನಾಶಕ ಸಿಕ್ಕರೆ ಅದೂ 2020ರ ಕೊನೆಗೆ ನಿಷೇಧವಾದದ್ದು, ಬಹಳ ಕೆಟ್ಟ ವಿಷ. ಇದೆಲ್ಲ ಊಹೆ ಮಾತ್ರ. ಲೇಬಲ್ ಇಲ್ಲದ ಡಬ್ಬವನ್ನು ಮೂಸಿ ನೋಡಿ, ಬೆರಳಿಗೆ ತಾಗಿಸಿ ಗುರುತು ಹಿಡಿಯೋಕೆ ಹೋಗಬೇಡಿ. ಏನೆಂದು ಗೊತ್ತಾಗದಿದ್ದರೆ ಅತಿ ಕೆಟ್ಟದ್ದೇ ಇದೆ ಅಂದುಕೊಂಡು ಕೆಲಸ ಮಾಡಿ.

ಮೊದಲು ಕೆಲಸದವರನ್ನು ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದಿಡಿ. ಮಕ್ಕಳು, ನಾಯಿ ಆ ಕಡೆ ಬರೋದು ಬೇಡ. ಬೀಡಿ, ಸಿಗರೇಟ್ ಬೇಡವೇ ಬೇಡ. ಕೈಗೆ ದಪ್ಪ ರಬ್ಬರ್ ಗ್ಲೌಸ್, ತುಂಬು ತೋಳಿನ ಅಂಗಿ, ಗಮ್ ಬೂಟ್ ಹಾಕಿ. ಬಟ್ಟೆ ಮಾಸ್ಕ್ ವಿಷದ ಆವಿಯನ್ನು ತಡೆಯೋದಿಲ್ಲ, ಅದನ್ನು ನಂಬಬೇಡಿ. ಏನನ್ನೂ ಅಲುಗಾಡಿಸುವ ಮೊದಲು ಒಂದೊಂದರ ಫೋಟೋ ತೆಗೆಯಿರಿ, ಅರ್ಧ ಉಳಿದ ಲೇಬಲ್ ಇದ್ದರೆ ಹತ್ತಿರದಿಂದ. ಸೋರುವ ಟಿನ್ನನ್ನು ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಡ್ರಮ್‌ನಲ್ಲಿ ನಿಲ್ಲಿಸಿ ಸುತ್ತ ಒಣ ಮರಳು ತುಂಬಿ. ಚೆಲ್ಲಿದ ಪುಡಿಯನ್ನು ಗುಡಿಸಬೇಡಿ, ಧೂಳು ಏಳುತ್ತದೆ. ನೀರು ಹಾಕಿ ತೊಳೆಯಲೂ ಬೇಡಿ, ಕೆಲವು ವಿಷಗಳು ನೀರು ತಾಗಿದರೇ ಗ್ಯಾಸ್ ಬಿಡುತ್ತವೆ. ಮೇಲೆ ಒಣ ಮರಳು ಹಾಕಿ, ನಿಧಾನಕ್ಕೆ ಮೊರದಂಥ ಪ್ಲಾಸ್ಟಿಕ್ ತುಂಡಿನಲ್ಲಿ ಎತ್ತಿ ಬೇರೆ ಡ್ರಮ್‌ಗೆ ಹಾಕಿ. ಜಾಗ ಉಳಿಸೋಕೆ ಅಂತ ಎರಡು ಬಾಟಲಿಯದ್ದನ್ನು ಒಂದಕ್ಕೆ ಸುರಿಯೋದು ದೊಡ್ಡ ತಪ್ಪು.

ಡ್ರಮ್ ಮೇಲೆ ಅಳಿಸದ ಪೆನ್ನಿನಲ್ಲಿ "ವಿಷ, ಮುಟ್ಟಬೇಡಿ, ಏನೆಂದು ತಿಳಿದಿಲ್ಲ" ಅಂತ ಬರೆದು ತಾರೀಖು ಹಾಕಿ. ಕೆಲಸಕ್ಕೆ ಬರುವವರಿಗೆ ಕನ್ನಡ ಓದಲು ಬರದಿದ್ದರೆ ತಲೆಬುರುಡೆ ಚಿತ್ರವನ್ನೂ ಬರೆಯಿರಿ. ಅಕ್ಕಿ, ಹಿಂಡಿ, ಕಾಫಿ ಚೀಲ ಇಲ್ಲದ ಕೋಣೆಯಲ್ಲಿ, ನೆಲದಿಂದ ಮೇಲೆ ಹಲಗೆಯ ಮೇಲಿಟ್ಟು ಬೀಗ ಹಾಕಿ. ಹೊಳೆ ಉಕ್ಕಿದಾಗ ನೀರು ಬರುವ ಜಾಗ ಆಗಿರಬಾರದು.

ಸುಡಬಹುದಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಇಂಥದ್ದನ್ನು ಸುಡುವ ಭಟ್ಟಿಯಲ್ಲಿ 1100 ಡಿಗ್ರಿ ಸೆಲ್ಸಿಯಸ್ ಸುಮಾರಿನ ಶಾಖ ಬೇಕು, ಹೊರಬರುವ ಹೊಗೆಯನ್ನು ತೊಳೆಯುವ ವ್ಯವಸ್ಥೆಯೂ ಬೇಕು. ತೋಟದ ಬೆಂಕಿಯಲ್ಲಿ ಅದು ಅರ್ಧಂಬರ್ಧ ಸುಟ್ಟು ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಿಷ ಆಗಿ ನಿಮ್ಮ ಮೂಗಿಗೇ ಬರುತ್ತದೆ. ಸುಡಲಾಗದ್ದನ್ನು ಸಿಮೆಂಟ್, ಸುಣ್ಣದಂಥವುಗಳ ಜೊತೆ ಗಟ್ಟಿ ಮಾಡಿ, ತಳಕ್ಕೆ ನೀರು ಸೋರದ ಪದರ ಹಾಸಿದ ವಿಶೇಷ ಗುಂಡಿಯಲ್ಲಿ ಇಡುತ್ತಾರೆ. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯಲ್ಲಿ ಇಂಥ ಘಟಕ ಇದೆ.

ಅಲ್ಲಿಗೆ ನೀವೇ ಜೀಪಿನಲ್ಲಿ ತುಂಬಿಕೊಂಡು ಹೋಗುವಂತಿಲ್ಲ. ಫೋಟೋ, ಪಟ್ಟಿ, ಅಂದಾಜು ತೂಕ ಬರೆದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ಪ್ರತಿಗಳನ್ನು ರೈತ ಸಂಪರ್ಕ ಕೇಂದ್ರಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ. ಮನೆಯಲ್ಲಿ ಉಳಿದ ಕೀಟನಾಶಕದ ಡಬ್ಬ, ಬಣ್ಣದ ಡಬ್ಬ, ಟ್ಯೂಬ್‌ಲೈಟ್, ಬ್ಯಾಟರಿ, ಸೂಜಿ ಎಲ್ಲವನ್ನೂ 2026ರ ಏಪ್ರಿಲ್‌ವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮ ಮನೆಯ ಅಪಾಯಕಾರಿ ಕಸ ಅಂತ ಬೇರೆಯಾಗಿ ಹೆಸರಿಸಿತ್ತು. ನಗರ, ಪಟ್ಟಣಗಳಲ್ಲಿ ಇಪ್ಪತ್ತು ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ಮಾಡುವುದು ಸ್ಥಳೀಯ ಸಂಸ್ಥೆಯ ಕೆಲಸ ಅಂತಲೂ ಅದರಲ್ಲೇ ಬರೆದಿತ್ತು. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಅಂದರೆ ಜಗಳ ಬೇಡ, ಅರ್ಜಿಗೆ ಸೀಲು ಹಾಕಿಸಿಕೊಂಡು ಬನ್ನಿ. ಅಕ್ಕಪಕ್ಕದ ತೋಟದವರನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು, ಹತ್ತು ಮನೆಯ ಸ್ಟೋರಿನಲ್ಲೂ ಹೀಗೇ ಏನಾದರೂ ಇದ್ದೇ ಇರುತ್ತದೆ, ಒಂದು ಗಾಡಿ ಲೋಡಿನಷ್ಟು ಪಟ್ಟಿ ಆದರೆ ಅಧಿಕಾರಿಗಳಿಗೂ ವಾಹನ ಕಳಿಸುವುದು ಸುಲಭ.

ಪ್ರಶ್ನೆ (ಗೋಣಿಕೊಪ್ಪ): ಗಿಡಕ್ಕೆ ಮದ್ದು (ಕೀಟನಾಶಕ) ಹೊಡೆದ ಮೇಲೆ ಉಳಿಯುವ ಐದು ಲೀಟರಿನ ಖಾಲಿ ಕ್ಯಾನ್‌ಗಳನ್ನು ಲೈನ್ ಮನೆಯವರು (ತೋಟದ ಕೆಲಸಗಾರರ ಸಾಲುಮನೆಯವರು) ನೀರಿಗೆ ಕೇಳುತ್ತಾರೆ. ಸೋಪ್ ಹಾಕಿ ಚೆನ್ನಾಗಿ ತೊಳೆದು ಕೊಟ್ಟರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ, ದಯವಿಟ್ಟು ಕೊಡಬೇಡಿ. ಪ್ಲಾಸ್ಟಿಕ್ ಮದ್ದನ್ನು ಸ್ವಲ್ಪ ಹೀರಿಕೊಂಡಿರುತ್ತದೆ, ಎಷ್ಟು ಸೋಪ್ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ನಿಮ್ಮ ತೋಟದಲ್ಲಿ ದುಡಿಯುವವರ ಮಕ್ಕಳು ಆ ನೀರು ಕುಡಿಯುತ್ತಾರೆ. ಅವರಿಗೆ ನೀರಿನ ಕ್ಯಾನ್ ಬೇಕಿದ್ದರೆ ಹೊಸದು ತಂದುಕೊಡಿ, ಒಂದು ಸೀಸನ್ನಿನ ಮದ್ದಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕ್ಯಾನ್ ಖಾಲಿಯಾದ ತಕ್ಷಣ, ಒಣಗುವ ಮೊದಲೇ ಮೂರು ಸಲ ತೊಳೆಯಬೇಕು. ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ದುಡ್ಡು ಕೊಟ್ಟ ಮದ್ದು ಗಿಡಕ್ಕೇ ಹೋಗುತ್ತದೆ, ತೋಡಿಗೆ ಹೋಗುವುದಿಲ್ಲ. ಮೂರನೇ ಸಲ ಆದ ಮೇಲೆ ಕತ್ತಿಯಿಂದ ತಳಕ್ಕೆ ತೂತು ಮಾಡಿ. ಇದು ಮುಖ್ಯ, ತೂತು ಮಾಡದ ಕ್ಯಾನ್ ಹೇಗೋ ಯಾರದೋ ಅಡುಗೆಮನೆ ಸೇರುತ್ತದೆ. ಗುಜರಿಗೂ ಹಾಕಬೇಡಿ. ಚೀಲದಲ್ಲಿ ಕಟ್ಟಿ ಬೀಗದ ಸ್ಟೋರಿನಲ್ಲಿಡಿ, ಪಂಚಾಯಿತಿಯ ಅಪಾಯಕಾರಿ ಕಸಕ್ಕೆ ಕೊಡಿ. ಮದ್ದು ಮಾರಿದ ಅಂಗಡಿಯವರು ವಾಪಸ್ ತಗೊಳ್ಳುತ್ತಾರಾ ಅಂತಲೂ ಕೇಳಿ, ಹೆಚ್ಚು ಜನ ಕೇಳಿದರೆ ಕಂಪನಿಗೂ ಮುಟ್ಟುತ್ತದೆ. 1971ರ ಕೀಟನಾಶಕ ನಿಯಮದಲ್ಲಿ ಖಾಲಿ ಪ್ಯಾಕನ್ನು ಒಡೆದು ಜನವಸತಿಯಿಂದ ದೂರ ಹೂಳಿ ಅಂತ ಇದೆ, ನಿಜ. ನೀರು ಕೆಡಬಾರದು ಅಂತಲೂ ಅದೇ ನಿಯಮ ಹೇಳುತ್ತದೆ, ಕೊಡಗಿನಲ್ಲಿ ಆ ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ.

ಲೇಬಲ್ ಮೇಲಿನ ಬಣ್ಣದ ಗುರುತನ್ನು ತೋಟದ ರೈಟರಿಗೂ (ಕೆಲಸ, ಲೆಕ್ಕ ನೋಡಿಕೊಳ್ಳುವವರಿಗೂ) ಕೆಲಸದವರಿಗೂ ಹೇಳಿಕೊಡಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ವಿಷವೇ. ಇನ್ನೊಂದು ವಿಷಯ, ಉಳಿದ ಮದ್ದನ್ನು ಜ್ಯೂಸ್ ಬಾಟಲಿಗೆ, ನೀರಿನ ಬಾಟಲಿಗೆ ಹಾಕಿಡುವ ಅಭ್ಯಾಸವನ್ನು ಇವತ್ತೇ ಬಿಡಿ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಫೋನ್ ಮಾಡಿ, ಮೂಲ ಡಬ್ಬದ ಲೇಬಲ್ ಸಮೇತ ಆಸ್ಪತ್ರೆಗೆ ಓಡಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರ್ ಸರಿಯಾದ ಚಿಕಿತ್ಸೆ ಬೇಗ ಶುರು ಮಾಡಬಹುದು. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಅದನ್ನು ಸ್ಟೋರಿನ ಬಾಗಿಲ ಮೇಲೆ ಬರೆದಿಡಿ.

ಮೈಲುತುತ್ತು, ಸುಣ್ಣ ಸೇರಿಸಿ ಕಲಸುವ ಬೋರ್ಡೋ ದ್ರಾವಣ ಉಳಿದರೆ ಏನು ಮಾಡೋದು ಅಂತಲೂ ಕೇಳಿದ್ದೀರಿ. ಕಲಸಿದ ದಿನವೇ ಮುಗಿಯುವಷ್ಟು ಕಲಸಿ. ಮೈಲುತುತ್ತು ಮೀನಿಗೆ ಬಹಳ ವಿಷ, ಡ್ರಮ್ ತೊಳೆದ ನೀರನ್ನು ತೋಡಿನ ಬದಿಯಲ್ಲಿ ಚೆಲ್ಲಬೇಡಿ, ಮದ್ದು ಹೊಡೆಯಬೇಕಿರುವ ಗಿಡಗಳಿಗೇ ಹಾಕಿ.

ಪ್ರಶ್ನೆ (ಪೊನ್ನಂಪೇಟೆ): ಭತ್ತದ ಕಣಜದ ಹುಳ ಸಾಯಿಸೋಕೆ ಅಂತ ಯಾರೋ ಕೊಟ್ಟ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು ಅರ್ಧ ಡಬ್ಬ ಉಳಿದಿವೆ. ಮಲಗುವ ಕೋಣೆ ಪಕ್ಕದ ರೂಮಲ್ಲಿದೆ. ಈಚೆಗೆ ಬೆಳ್ಳುಳ್ಳಿ ವಾಸನೆ ಬರುತ್ತಿದೆ.

ಉತ್ತರ: ಇದನ್ನು ಓದಿದ ತಕ್ಷಣ ಎಲ್ಲರೂ ಮನೆಯಿಂದ ಹೊರಗೆ ಬನ್ನಿ. ಆ ಮಾತ್ರೆ ಗಾಳಿಯ ತೇವ ಹೀರಿ ಫಾಸ್ಫೀನ್ ಗ್ಯಾಸ್ ಬಿಡುತ್ತದೆ, ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಅದರದ್ದೇ. ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರ ಇಲ್ಲವಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಿರುವುದುಂಟು. ವಾಸನೆ ನಿಂತರೆ ಗ್ಯಾಸ್ ಹೋಯಿತು ಅಂತಲೂ ಅಲ್ಲ. ಯಾರಿಗಾದರೂ ತಲೆಸುತ್ತು, ವಾಂತಿ, ಎದೆ ಬಿಗಿತ ಇದ್ದರೆ ನೇರ ಆಸ್ಪತ್ರೆಗೆ. 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಸಿ, ಡಬ್ಬವನ್ನು ಅವರೇ ತೆಗೆಯಲಿ. ನೀರಿಗೆ, ಕಕ್ಕಸಿಗೆ, ಬಾವಿಗೆ ಹಾಕಬೇಡಿ, ಒಮ್ಮೆಗೇ ಗ್ಯಾಸ್ ಏಳುತ್ತದೆ, ಬೆಂಕಿಯೂ ಹತ್ತಬಹುದು. ಈ ಮಾತ್ರೆ ಮನೆಬಳಕೆಗೆ ಅಲ್ಲವೇ ಅಲ್ಲ, ತರಬೇತಿ ಇರುವವರು ಮಾತ್ರ ಬಳಸಬೇಕು.

ಪ್ರಶ್ನೆ (ಮಡಿಕೇರಿಯ ಹೋಮ್‌ಸ್ಟೇ ನಡೆಸುವವರು): ಬಾತ್‌ರೂಮ್ ತೊಳೆಯುವ ಹುಡುಗಿಗೆ ಕೆಮ್ಮು ಬಂದು ಕಣ್ಣೆಲ್ಲ ಉರಿಯಿತು. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಹಾಕಿದ್ದಳಂತೆ. ಹಿಂದುಗಡೆ ಹಳೇ ಟ್ಯೂಬ್‌ಲೈಟ್, ಯುಪಿಎಸ್ ಬ್ಯಾಟರಿ ಕೂಡ ಗುಡ್ಡೆ ಬಿದ್ದಿದೆ.

ಉತ್ತರ: ಅವಳು ಉಸಿರಾಡಿದ್ದು ಕ್ಲೋರಿನ್ ಗ್ಯಾಸ್. ಕೆಮ್ಮು ಇನ್ನೂ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಖರ್ಚು ನಿಮ್ಮದೇ ಆಗಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಸಣ್ಣ ಬಾತ್‌ರೂಮಿನಲ್ಲಿ ಕೆಳಗೇ ನಿಲ್ಲುತ್ತದೆ, ಬಗ್ಗಿ ತಿಕ್ಕುವವರಿಗೆ ಜಾಸ್ತಿ ತಾಗುತ್ತದೆ. ಆಸಿಡ್ ಒಂದು ಕಡೆ, ಬ್ಲೀಚಿಂಗ್ ಪೌಡರ್ ಇನ್ನೊಂದು ಕೋಣೆಯಲ್ಲಿ ಇಡಿ, ಎರಡನ್ನೂ ಒಂದೇ ದಿನ ಬಳಸುವುದೇ ಬೇಡ.

ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಒಡೆಯದ ಹಾಗೆ ಹೊಸದು ಬಂದ ರಟ್ಟಿನ ಕವರಿನಲ್ಲೇ ನಿಲ್ಲಿಸಿಡಿ. ಒಡೆದರೆ ಕಿಟಕಿ ತೆಗೆದು ಹದಿನೈದು ನಿಮಿಷ ಹೊರಗಿರಿ, ಪೊರಕೆ ಬೇಡ, ಗಟ್ಟಿ ಕಾಗದದಲ್ಲಿ ಎತ್ತಿ, ಉಳಿದ ಚೂರನ್ನು ಟೇಪಿಗೆ ಅಂಟಿಸಿ ಮುಚ್ಚಳದ ಬಾಟಲಿಗೆ ಹಾಕಿ. ಯುಪಿಎಸ್ ಬ್ಯಾಟರಿಯ ಆಸಿಡನ್ನು ಯಾರೂ ಚೆಲ್ಲಬಾರದು. ನೆಟ್ಟಗೆ, ಪ್ಲಾಸ್ಟಿಕ್ ಟ್ರೇ ಮೇಲಿಟ್ಟು, ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಕೊಡಿ. ಹಳೆಯದನ್ನು ಕೊಟ್ಟರೆ ಅವರು ಹೊಸದರ ಬೆಲೆಯಲ್ಲಿ ದುಡ್ಡು ಕಡಿಮೆ ಮಾಡುತ್ತಾರೆ, 2022ರ ಬ್ಯಾಟರಿ ನಿಯಮದ ಪ್ರಕಾರ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಗುಜರಿಗೆ ಹಾಕಿದರೆ ಎಲ್ಲೋ ಹಿತ್ತಲಲ್ಲಿ ಒಡೆದು ಸೀಸ ಕರಗಿಸುತ್ತಾರೆ, ಅದರ ಹೊಗೆ ಅಲ್ಲಿನ ಮಕ್ಕಳ ಮಿದುಳಿಗೆ ಹೋಗುತ್ತದೆ.

ಪ್ರಶ್ನೆ (ಕುಶಾಲನಗರ): ಅಮ್ಮನ ಇನ್ಸುಲಿನ್ ಸೂಜಿಗಳನ್ನು ಕಸದ ಗಾಡಿಗೆ ಹಾಕಬಹುದಾ?

ಉತ್ತರ: ಸುಮ್ನೆ ಒಣ ಕಸದಲ್ಲಿ ಹಾಕಿದರೆ ಕಸ ವಿಂಗಡಿಸುವವರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮುಕ್ಕಾಲು ಆದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, "ಸೂಜಿ" ಅಂತ ಬರೆದು ಗಾಡಿಯವರ ಕೈಗೆ ಬೇರೆಯಾಗಿ ಕೊಡಿ. ಅಮ್ಮನಿಗೆ ತೋರಿಸುವ ಆಸ್ಪತ್ರೆಯಲ್ಲೂ ಕೇಳಿ ನೋಡಿ.

ಪ್ರಶ್ನೆ (ಸೋಮವಾರಪೇಟೆ): ಜೀಪಿನ ಹಳೇ ಎಂಜಿನ್ ಆಯಿಲನ್ನು ಗೆದ್ದಲು ಹಿಡಿಯದ ಹಾಗೆ ಬೇಲಿ ಕಂಬಕ್ಕೆ ಬಳಿಯುತ್ತೇವೆ. ಅದೂ ತಪ್ಪಾ?

ಉತ್ತರ: ಹೌದು, ನಿಲ್ಲಿಸಿ. ಅದರಲ್ಲಿ ಎಂಜಿನ್ ಸವೆದ ಲೋಹ, ಕ್ಯಾನ್ಸರ್ ತರುವ ಸುಟ್ಟ ಅಂಶಗಳು ಇರುತ್ತವೆ, ಎರಡು ಮಳೆಗೆ ಕಂಬದಿಂದ ಇಳಿದು ಗದ್ದೆಗೆ ಹೋಗುತ್ತವೆ. ಪೆಟ್ರೋಲ್, ನೀರು ಬೆರೆಸದೆ ಮುಚ್ಚಿದ ಕ್ಯಾನಿನಲ್ಲಿ ಕೂಡಿಟ್ಟು ವರ್ಕ್‌ಶಾಪಿಗೆ ವಾಪಸ್ ಕೊಡಿ. ಶುದ್ಧ ಮಾಡಿ ಮತ್ತೆ ಬಳಸುವ ಘಟಕಗಳಿಗೆ ಅವರ ಮೂಲಕ ಹೋಗುತ್ತದೆ. ಯಾರಿಗೆ ಮಾರುತ್ತೀರಿ, ಅವರಿಗೆ ಪರವಾನಗಿ ಇದೆಯಾ ಅಂತ ವರ್ಕ್‌ಶಾಪಿನಲ್ಲಿ ಒಂದು ಮಾತು ಕೇಳಿ.